ರೊಟ್ಟಿಯ ಮೇಲೆ ಬಂದ ಅಪವಾದ

ನಮ್ಮ ಮನೆಯಲ್ಲಿ ಯಾರಿಗೆ ಏನೇ ಬೇನೆ ಬಂದರೂ ಅದರ ಕಾರಣವನ್ನು ಮೊದಲು ಅಡುಗೆಮನೆಯಲ್ಲಿ ಹುಡುಕುತ್ತೇವೆ. ನೆಗಡಿಯಾದರೆ ಮೊಸರು, ಮೊಣಕಾಲು ಹಿಡಿದರೆ ಬಟಾಟೆ, ಕಣ್ಣು ಉರಿದರೆ ಒಣಮೆಣಸಿನಕಾಯಿ. ನನ್ನ ಗಂಡ ಒಮ್ಮೆ ಸ್ಕೂಟರಿನಿಂದ ಬಿದ್ದು ಭುಜ ಉಳುಕಿಸಿಕೊಂಡಾಗಲೂ ಹಿಂದಿನ ರಾತ್ರಿ ಉಂಡ ಅವರೆಕಾಳಿನ ಪಲ್ಯದ ಮಾತು ಬಂದಿತ್ತು. ಧಾರವಾಡದ ಕಡೆಯಿಂದ ಪುಣೆಗೆ ಬಂದು, ಕೋಥರೂಡದ ಸೊಸೈಟಿಯೊಂದರಲ್ಲಿ ನೆಲೆ ನಿಂತು ಇಷ್ಟು ವರ್ಷಗಳಾದರೂ ಈ ರೂಢಿ ನಮ್ಮನ್ನು ಬಿಟ್ಟಿಲ್ಲ. ಹಾಗಾಗಿ ನನ್ನ ಬಲಗೈಯ ಮಣಿಕಟ್ಟು ನೋಯತೊಡಗಿದಾಗ ತೀರ್ಪು ಬರಲು ತಡವಾಗಲಿಲ್ಲ. ತಪ್ಪು ಜೋಳದ ರೊಟ್ಟಿಯದು ಎಂದಾಯಿತು.

ಮನೆಯಲ್ಲಿ ಆಗ ನಾವು ಮೂರು ಜನ. ನಾನು, ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಗಂಡ, ಮತ್ತು ಅತ್ತೆಯವರು. ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ನಮ್ಮಲ್ಲಿಗೆ ಬಂದಿದ್ದರು. ಊಟದಲ್ಲಿ ಅವರಿಗೆ ಯಾವ ಹಟವೂ ಇರಲಿಲ್ಲ, ಒಂದನ್ನು ಬಿಟ್ಟು. ಮಧ್ಯಾಹ್ನ ತಾಟಿನಲ್ಲಿ ಜೋಳದ ರೊಟ್ಟಿ ಇರಬೇಕು. ಚಪಾತಿ ಎಂದರೆ ಅವರಿಗೆ ಪ್ರಯಾಣಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿ, ಅನ್ನವೆಂದರೆ ಜ್ವರದಿಂದ ಎದ್ದವರ ಪಥ್ಯ. ರೊಟ್ಟಿ ನನಗೂ ಹೊಸದಲ್ಲ, ಆದರೆ ಅಂಚು ಸೀಳದಂತೆ, ಹಂಚಿನ ಮೇಲೆ ಹಾಕಿದರೆ ಒಂದೇ ಉಸಿರಿಗೆ ಉಬ್ಬುವಂತೆ ಬಡಿಯುವುದನ್ನು ನಾನು ಕಲಿತದ್ದು ಅವರಿಂದ. ಮೊದಮೊದಲು ನನ್ನ ರೊಟ್ಟಿಗಳನ್ನು ನೋಡಿ, "ಇದು ಯಾವ ದೇಶದ ನಕಾಶಿ ಯವ್ವಾ?" ಎಂದು ಚೇಷ್ಟೆ ಮಾಡುತ್ತಿದ್ದರು.

ಬೆಳಿಗ್ಗೆ ಎಸರು ಕುದಿಯುವ ಹೊತ್ತಿಗೆ ಅತ್ತೆಯವರು ತಮ್ಮ ಎತ್ತರದ ಸ್ಟೂಲನ್ನು ಗ್ಯಾಸಿನ ಕಟ್ಟೆಯ ಪಕ್ಕಕ್ಕೆ ಎಳೆದುಕೊಂಡು ಕೂಡುತ್ತಿದ್ದರು. ನಾನು ಬಡಿಯುವುದು, ಅವರು ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವುವುದು. ಇಡೀ ದಿನದಲ್ಲಿ ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆಗ ಮಾತ್ರ. ನನ್ನ ಕಣ್ಣು ಹಿಟ್ಟಿನ ಮೇಲೆ, ಅವರ ಕಣ್ಣು ಹಂಚಿನ ಮೇಲೆ. ಎದುರುಬದುರು ಕೂತರೆ ಅತ್ತೆ ಸೊಸೆಯರಿಗೆ ಆಡಲಾಗದ ಮಾತುಗಳು ಹಾಗೆ ಪಕ್ಕಪಕ್ಕದಲ್ಲಿ ನಿಂತಾಗ ಸಲೀಸಾಗಿ ಬರುತ್ತಿದ್ದವು. ಹೆಸರಿಡುವ ಮೊದಲೇ ತೀರಿಹೋದ ತಮ್ಮ ಚೊಚ್ಚಲ ಮಗಳ ವಿಷಯವನ್ನು ಅವರು ನನಗೆ ಹೇಳಿದ್ದು ಒಂದು ರೊಟ್ಟಿಯನ್ನು ತಿರುವಿ ಹಾಕುತ್ತ. ಅದು ಅವರ ಗಂಡುಮಕ್ಕಳಿಗೂ ಗೊತ್ತಿರಲಿಲ್ಲ. ನನಗೆ ಮಕ್ಕಳಾಗದೆ ಹೋದದ್ದರ ಬಗ್ಗೆ ನಾನು ಬಾಯಿ ಬಿಟ್ಟು ಅತ್ತದ್ದೂ ಅಲ್ಲೇ. ಅತ್ತೆಯವರು ನನ್ನತ್ತ ತಿರುಗಲಿಲ್ಲ. "ಹಿಟ್ಟಿನಾಗ ಕಣ್ಣೀರು ಬೀಳಾಕತ್ತಾವ. ಇವತ್ತ ಉಪ್ಪು ಹಾಕೂದು ಬ್ಯಾಡ ಬಿಡು," ಎಂದರು. ಅಳುತ್ತಲೇ ನಗು ಬಂತು.

ಇನ್ನು ನನ್ನ ಕೆಲಸ. ಶಿವಾಜಿನಗರದ ಒಂದು ಸಣ್ಣ ವಿನ್ಯಾಸ ಕಚೇರಿಯಲ್ಲಿ ನಾನು ಕಂಪ್ಯೂಟರಿನ ಮೇಲೆ ನಕ್ಷೆ ಬರೆಯುತ್ತೇನೆ. ರಾಂಜಣಗಾಂವದ ಕಾರ್ಖಾನೆಗಳಲ್ಲಿ ಲೋಹದ ತುಂಡನ್ನು ಕೊರೆಯುವಾಗ ಅದು ಅಲುಗದಂತೆ ಹಿಡಿದಿಡುವ ಸಾಧನಗಳಿರುತ್ತವೆ, ಅವುಗಳ ನಕ್ಷೆ. ಕೀಲಿಮಣೆಯ ಕೆಲಸ ಕಡಿಮೆ, ಮೌಸಿನ ಕೆಲಸವೇ ಹೆಚ್ಚು. ಚಿತ್ರವನ್ನು ತಿರುಗಿಸಬೇಕಾದರೆ ಮೌಸಿನ ನಡುವಿನ ಗಾಲಿಯನ್ನು ಒತ್ತಿ ಹಿಡಿದು ಎಳೆಯಬೇಕು, ಗೆರೆ ಎಳೆಯಲು ಒಂದು ಒತ್ತು, ಮುಗಿಸಲು ಇನ್ನೊಂದು. ಹೀಗೆ ಬೆಳಗಿನಿಂದ ಸಂಜೆಯವರೆಗೆ. ಕಚೇರಿ ಕೊಟ್ಟಿದ್ದು ಕರಿಯ ಬಣ್ಣದ, ಚಪ್ಪಟೆಯ, ಬಾಲದಂತೆ ವೈರಿದ್ದ ಅಗ್ಗದ ಮೌಸು. ಅದರ ಗಾಲಿ ಎಷ್ಟು ಬಿಗಿಯಾಗಿತ್ತೆಂದರೆ ಬೆರಳಿನ ಜೊತೆ ಮುಂಗೈಯ ನರವೂ ಸೆಟೆಯುತ್ತಿತ್ತು. ಆದರೂ ಅದನ್ನು ನಾನು ಒಮ್ಮೆಯೂ ಅನುಮಾನಿಸಲಿಲ್ಲ. ಕೂತು ಮಾಡುವ ಕೆಲಸ, ಫ್ಯಾನಿನ ಕೆಳಗಿನ ಕೆಲಸ. ಇದರಿಂದ ಯಾರಿಗಾದರೂ ಏನಾದರೂ ಆಗುತ್ತದೆಯೇ?

ನೋವು ಮೊದಲು ಗೊತ್ತಾದದ್ದು ರೊಟ್ಟಿ ಬಡಿಯುವಾಗ. ಈಗ ಯೋಚಿಸಿದರೆ ಅದು ಸಹಜವೇ. ರಾತ್ರಿಯೆಲ್ಲ ಬಿಗಿದುಕೊಂಡಿದ್ದ ಕೈಗೆ ದಿನದ ಮೊದಲ ಕೆಲಸ ಅದೇ ಆಗಿತ್ತು. ಅಂಗೈ ಹಿಟ್ಟಿಗೆ ತಾಗಿದ ಕೂಡಲೇ ಮಣಿಕಟ್ಟಿನಿಂದ ಮೊಣಕೈವರೆಗೆ ಚಳಕು ಹೊಡೆಯಿತು. ನಾನು ಕೈ ಝಾಡಿಸಿಕೊಂಡೆ.

"ಏನಾತು?" ಎಂದರು ಅತ್ತೆಯವರು.

"ಏನಿಲ್ಲರಿ, ಉಳುಕಿರಬೇಕು."

ಅವರು ನನ್ನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಉಳುಕಿದ್ದಲ್ಲ ಇದು. ದಿನಾ ಬಡದು ಬಡದು ಮಣಿಕಟ್ಟು ಸವದದ. ನನ್ನ ಚಟಕ್ಕ ನಿನ್ನ ಕೈ ಹಾಳಾತು ನೋಡು."

ಗಂಡ ಚಹಾದ ಕಪ್ಪು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಅವರದು ಬ್ಯಾಂಕಿನ ಸ್ವಭಾವ, ಯಾವ ವಿಷಯವೂ ಬಾಕಿ ಉಳಿಯಬಾರದು. "ರೊಟ್ಟಿ ಬಂದ್ ಮಾಡು. ಪೋಳಿ-ಭಾಜಿ ಕೇಂದ್ರದಾಗ ಭಾಕರಿ ಸಿಗ್ತಾವ. ಬರುಮುಂದ ನಾ ತರ್ತೀನಿ," ಎಂದರು. ಚಪಾತಿ-ಪಲ್ಯ ಮಾಡಿ ಮಾರುವ ಅಂಗಡಿ ಅದು, ನಮ್ಮ ರೊಟ್ಟಿಗೆ ಅಲ್ಲಿ ಭಾಕರಿ ಎನ್ನುತ್ತಾರೆ. ಓಣಿಯ ಮೂಲೆಯ ಡಾಕ್ಟರು ನನ್ನ ಕೈ ಮುಟ್ಟುವ ಮೊದಲೇ ಮರಾಠಿಯಲ್ಲಿ, "ಭಾಕರಿ ಥಾಪತಾ ಕಾ?" ಎಂದು ಕೇಳಿದರು. ಬಡಿಯುತ್ತೇನೆ ಎಂದೆ. "ಮಗ್ ಬಂದ್ ಕರಾ," ಎಂದು ಮುಲಾಮು ಬರೆದುಕೊಟ್ಟರು. ಹಾಗಾದರೆ ಬಿಟ್ಟುಬಿಡಿ, ಅಷ್ಟೇ. ಅವರಿಗೂ ನಮ್ಮದೇ ರೂಢಿ ಇತ್ತೆಂದು ಕಾಣುತ್ತದೆ. ನಾನು ಹೊರಗೆ ಹೋಗಿ ಏನು ಕೆಲಸ ಮಾಡುತ್ತೇನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಂಗಸಿನ ಕೈ ನೋಯುತ್ತಿದೆ ಎಂದರೆ ಅದು ಒಲೆಯ ಮುಂದೆಯೇ ನೋಯಬೇಕು ಎಂದು ನಾವೆಲ್ಲ ಸೇರಿ ನಂಬಿದ್ದೆವು.

ಅತ್ತೆಯವರು ಒಂದೆರಡು ದಿನ ತಾವೇ ರೊಟ್ಟಿಗೆ ನಿಂತರು. ಅವರ ಮೊಣಕಾಲು ಕೇಳಲಿಲ್ಲ. ಆಮೇಲೆ ಕೇಂದ್ರದ ಭಾಕರಿ ಬರತೊಡಗಿತು. ದಪ್ಪಗೆ, ತಣ್ಣಗೆ, ಪ್ಲಾಸ್ಟಿಕ್ ಚೀಲದೊಳಗೆ ಬೆವತುಕೊಂಡು. ಅತ್ತೆಯವರು ಅದನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ದಿನ ತಿಂದರು, ಆಮೇಲೆ ಹಲ್ಲು ನೋಯುತ್ತದೆ ಎಂದು ಹೇಳಿ ಅನ್ನಕ್ಕೆ ಬಂದರು. ಜ್ವರದವರ ಪಥ್ಯಕ್ಕೆ.

ಬೆಳಿಗ್ಗೆ ನನಗೆ ಅರ್ಧ ತಾಸು ಹೆಚ್ಚು ಸಿಕ್ಕಿತು. ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಅತ್ತೆಯವರ ಸ್ಟೂಲು ಬಾಲ್ಕನಿಗೆ ಹೋಯಿತು, ಅದರ ಮೇಲೆ ತುಳಸಿ ಕುಂಡ ಬಂತು. ನಾವು ಮಾತಾಡುತ್ತಿರಲಿಲ್ಲ ಎಂದಲ್ಲ. ಹಾಲು ಬಂತೇ, ಔಷಧ ತೊಗೊಂಡ್ರೇ, ನೀರು ಯಾವಾಗ ಬರುತ್ತದೆ, ಇಂಥವೇ. ಮನೆ ನಡೆಸಲು ಬೇಕಾದಷ್ಟು ಮಾತು.

ರೊಟ್ಟಿ ನಿಂತರೂ ನೋವು ನಿಲ್ಲಲಿಲ್ಲ. ಆಗಲಾದರೂ ನಮಗೆ ಅನುಮಾನ ಬರಬೇಕಿತ್ತು. ನಾವು ಏನು ಮಾಡಿದೆವು? ಅಡುಗೆಮನೆಯಲ್ಲೇ ಇನ್ನೊಬ್ಬ ಅಪರಾಧಿಯನ್ನು ಹುಡುಕಿದೆವು. ಕಾಯಿ ತುರಿಯುವುದು ಬೇಡ ಎಂದಾಯಿತು. ಕುಕ್ಕರ್ ಎತ್ತುವುದು ಬೇಡ, ಬಟ್ಟೆ ಹಿಂಡುವುದು ಬೇಡ, ಶೇಂಗಾ ಕುಟ್ಟುವುದು ಬೇಡ. ನಾನು ಬಿಟ್ಟದ್ದನ್ನೆಲ್ಲ ಅತ್ತೆಯವರು ಒಂದೊಂದಾಗಿ ತಮ್ಮ ಮೇಲೆ ಎಳೆದುಕೊಂಡರು. ಬೇಡವೆಂದರೆ, "ನಾ ಕೆಡಿಸಿದ್ದು, ನಾನ ತುಂಬಿ ಕೊಡ್ತೀನಿ," ಎನ್ನುತ್ತಿದ್ದರು. ಸಂಜೆ ನಾನು ಕಚೇರಿಯಿಂದ ಬಂದ ಮೇಲೆ ಎಳ್ಳೆಣ್ಣೆ ಬಿಸಿ ಮಾಡಿ ನನ್ನ ಮಣಿಕಟ್ಟಿಗೆ ತಿಕ್ಕುತ್ತಿದ್ದರು. ಸೊಸೆಯ ಕೈಗೆ ಅತ್ತೆ ಎಣ್ಣೆ ತಿಕ್ಕುವುದು ನಮ್ಮ ಕಡೆ ಬಾಣಂತನದಲ್ಲೂ ಅಪರೂಪ. ನನಗೆ ಸಂಕೋಚವಾಗುತ್ತಿತ್ತು. ಆ ತಿಕ್ಕುವಿಕೆಯಲ್ಲಿ ಪ್ರೀತಿಗಿಂತ ಹೆಚ್ಚಾಗಿ ಪಶ್ಚಾತ್ತಾಪವಿತ್ತು, ಅದು ನನಗೆ ಸಹಿಸಲಾಗುತ್ತಿರಲಿಲ್ಲ.

ಒಂದು ದಿನ ಧಾರವಾಡದಿಂದ ಮೈದುನ ಫೋನು ಮಾಡಿದ. ಅವನ ಮನೆಗೆ ರೊಟ್ಟಿ ಮಾಡಲು ಒಬ್ಬಾಕೆ ಬರುತ್ತಾಳೆ. ಅತ್ತೆಯವರು ಫೋನು ಇಟ್ಟು, ತಾವು ಕೆಲವು ದಿನ ಅಲ್ಲಿಗೆ ಹೋಗಿಬರುವುದಾಗಿ ಹೇಳಿದರು. ಯಾಕೆ ಎಂದೆ.

"ನಾ ಇಲ್ಲಿದ್ರ ನಿನ್ನ ಕೈಗೆ ವಿಶ್ರಾಂತಿ ಇಲ್ಲ. ನಾ ಅನ್ನಾ ಉಣ್ಣೂದು ನೋಡಿ ನೀ ಒಳಗ ಕೊರಗ್ತಿ. ನನಗ ಕಾಣಂಗಿಲ್ಲ ಅಂತ ತಿಳಕೊಂಡಿಯೇನು?"

"ಕೈ ನೆಟ್ಟಗಾತಂದ್ರ ಬರ್ತೀರಿ?"

"ಬರದ ಎಲ್ಲಿ ಹೋಗ್ಲಿ," ಎಂದರು. ಆದರೆ ಕಪಾಟಿನಲ್ಲಿದ್ದ ಸೀರೆಗಳನ್ನೆಲ್ಲ ಚೀಲಕ್ಕೆ ತುಂಬಿದರು. ಕೆಲವು ದಿನಕ್ಕೆ ಹೋಗುವವರು ಚಳಿಗಾಲದ ಶಾಲನ್ನೂ ತೆಗೆದುಕೊಂಡು ಹೋಗುವುದಿಲ್ಲ.

ಅವರು ಹೋದ ಮೇಲೆ ಕೈ ಇನ್ನೂ ಕೆಟ್ಟಿತು. ಪೆನ್ನು ಹಿಡಿದರೆ ನೋವು, ಸ್ಕೂಟರಿನ ಬ್ರೇಕು ಹಿಡಿದರೆ ನೋವು. ಕೊನೆಗೆ ಕಚೇರಿಯ ಗೆಳತಿಯೊಬ್ಬಳು ಒತ್ತಾಯ ಮಾಡಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದಳು. ಆಕೆ ಮರಾಠಿ ಹುಡುಗಿ, ಮಾತು ಚುರುಕು. ನೋವು ಯಾವಾಗ ಕಡಿಮೆ ಇರುತ್ತದೆ ಎಂದು ಕೇಳಿದಳು. ಅದುವರೆಗೆ ಎಲ್ಲರೂ ಯಾವಾಗ ಹೆಚ್ಚು ಎಂದೇ ಕೇಳಿದ್ದರು. ಯೋಚಿಸಿದೆ. ರವಿವಾರ ಸಂಜೆ ಕಡಿಮೆ. ಗಣಪತಿ ಹಬ್ಬದ ರಜೆಯಲ್ಲಿ ಇರಲೇ ಇಲ್ಲ ಎನ್ನಬೇಕು. ಆ ರಜೆಯಲ್ಲಿ ನಾನು ಕಡಬು ಮಾಡಿದ್ದೆ, ಕಾಯಿ ತುರಿದಿದ್ದೆ, ಅತ್ತೆಯವರು ಇಲ್ಲದ ಮನೆಯನ್ನು ಸಿಟ್ಟಿನಿಂದ ಉಜ್ಜಿ ತೊಳೆದಿದ್ದೆ.

ಆಕೆ ರೊಟ್ಟಿ ಬಡಿಯುವುದನ್ನು ಗಾಳಿಯಲ್ಲಿ ಮಾಡಿ ತೋರಿಸಲು ಹೇಳಿದಳು. ತೋರಿಸಿದೆ. ಆಮೇಲೆ ಕಚೇರಿಯಲ್ಲಿ ಹೇಗೆ ಕೂಡುತ್ತೀರಿ ತೋರಿಸಿ ಎಂದು ತನ್ನ ಮೇಜಿನ ಮೌಸನ್ನು ಮುಂದಿಟ್ಟಳು. ನಾನು ಕೈ ಇಟ್ಟೆ. ಮಣಿಕಟ್ಟು ಮೇಜಿನ ಅಂಚಿಗೆ ಒತ್ತಿಕೊಂಡಿತ್ತು, ಅಂಗೈ ಮೇಲಕ್ಕೆ ಬಾಗಿತ್ತು, ಕಿರುಬೆರಳು ಹೊರಗೆ ಎಳೆದುಕೊಂಡಿತ್ತು.

"ದಿವಸಭರ ಅಸಂಚ?" ಎಂದಳು. ದಿನವೆಲ್ಲ ಹೀಗೆಯೇ?

ಹೌದು ಎಂದೆ. ಅವಳು ಮತ್ತೇನೂ ಹೇಳಬೇಕಾಗಿರಲಿಲ್ಲ. ಆದರೂ ಹೇಳಿದಳು, ರೊಟ್ಟಿಯಲ್ಲಿ ಕೈ ಆಡುತ್ತದೆ, ಇಲ್ಲಿ ಕೈ ಸಿಕ್ಕಿಕೊಂಡಿದೆ ಎಂದು. ನನಗೆ ಮೊದಲು ನಗು ಬಂತು. ಮೆಟ್ಟಿಲಿಳಿದು ಸ್ಕೂಟರಿನ ಹತ್ತಿರ ಬರುವಷ್ಟರಲ್ಲಿ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಒಂದು ಕರಿಯ ಪ್ಲಾಸ್ಟಿಕ್ ತುಂಡು ಮಾಡಿದ ಕೆಲಸಕ್ಕೆ ನಾವು ಒಬ್ಬ ಹಿರಿಯ ಹೆಂಗಸಿನ ತಾಟಿನಿಂದ ರೊಟ್ಟಿ ಕಿತ್ತುಕೊಂಡಿದ್ದೆವು. ಅವರು ಆ ಅಪವಾದವನ್ನು ತಲೆಯ ಮೇಲೆ ಹೊತ್ತುಕೊಂಡು ಮನೆ ಬಿಟ್ಟು ಹೋಗಿದ್ದರು.

ಅಂದಿನಿಂದ ನನಗೆ ಸರಿಯಾದ ಮೌಸು ಹುಡುಕುವುದೇ ಒಂದು ಹುಚ್ಚಾಯಿತು. ಕೈ ನೆಟ್ಟಗಾದರೆ ಅತ್ತೆಯವರು ಬರುತ್ತಾರೆ, ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಗೆಳತಿಯರು ಬೆನ್ನಿಗೆ ಬಿದ್ದು ಚೇಷ್ಟೆ ಮಾಡಿದರು, ಮಗಳಿಗೆ ವರ ನೋಡುವವರೂ ಇಷ್ಟು ಚೌಕಾಶಿ ಮಾಡುವುದಿಲ್ಲ ಎಂದು.

ಮೊದಲು ಆನ್‌ಲೈನಿನಲ್ಲಿ ತರಿಸಿದೆ. ಚಪ್ಪಟೆಯಾಗಿರದೆ ಒಂದು ಬದಿಗೆ ಎದ್ದು ನಿಂತಂಥದ್ದು. ಅದನ್ನು ಹಿಡಿದರೆ ಅಂಗೈ ಕೆಳಮುಖವಾಗುವುದಿಲ್ಲ, ಯಾರಿಗೋ ಕೈ ಕೊಟ್ಟಂತೆ ಅಡ್ಡವಾಗಿ ಕೂಡುತ್ತದೆ, ಮೊಣಕೈಯಿಂದ ಮಣಿಕಟ್ಟಿನವರೆಗಿನ ಎಲುಬುಗಳು ತಿರುಚಿಕೊಳ್ಳುವುದಿಲ್ಲ. ತಂತಿಯಿಲ್ಲದ್ದು ಬೇಕೆಂದು ಹಟ ಹಿಡಿದದ್ದಕ್ಕೂ ಕಾರಣವಿತ್ತು. ವೈರಿನ ಮೌಸು ಆಗಾಗ ಕೀಲಿಮಣೆಗೆ ಸಿಕ್ಕಿ ಎಳೆಯುತ್ತಿತ್ತು, ಅದನ್ನು ಬಿಡಿಸಲು ಪ್ರತಿ ಸಲ ಕೈಗೊಂದು ಜಗ್ಗು. ತರಿಸಿದ್ದೇನೋ ಸರಿ, ಆದರೆ ಆ ಮೌಸು ಯಾವ ಪೈಲ್ವಾನನ ಕೈಗೆ ಮಾಡಿದ್ದೋ! ನನ್ನ ಬೆರಳುಗಳು ಗುಂಡಿಯ ತುದಿಯನ್ನೇ ಮುಟ್ಟಲಿಲ್ಲ. ಗಾಲಿಗಾಗಿ ಚಾಚಿ ಚಾಚಿ ಮಣಿಕಟ್ಟಿನ ನೋವು ಹೆಬ್ಬೆರಳಿಗೆ ಹೋಯಿತು. ವಾಪಸು ಕಳಿಸಿದೆ.

ಆಮೇಲೆ ಗೆಳತಿ ತನ್ನ ಅಣ್ಣನ ಹತ್ತಿರ ಇದ್ದ ಇನ್ನೊಂದು ಬಗೆಯದನ್ನು ತಂದುಕೊಟ್ಟಳು. ಅದನ್ನು ಅಲುಗಿಸುವಂತೆಯೇ ಇಲ್ಲ. ಅದು ಕೂತಲ್ಲೇ ಕೂತಿರುತ್ತದೆ, ಮೇಲಿರುವ ಗೋಲಿಯನ್ನು ಹೆಬ್ಬೆರಳಿನಿಂದ ಉರುಳಿಸಬೇಕು. ಲೆಕ್ಕಪತ್ರದವರಿಗೆ, ಬರೆಯುವವರಿಗೆ ಬಹುಶಃ ಒಳ್ಳೆಯದು. ನನ್ನ ಗೆರೆಗಳು ಮಾತ್ರ ಕುಡಿದವರಂತೆ ನಡೆದವು. ಒಂದು ರಂಧ್ರವನ್ನು ಇಡಬೇಕಾದಲ್ಲಿ ಇಡಲು ಒದ್ದಾಡಿ, ಕೊನೆಗೆ ಹಲ್ಲು ಕಚ್ಚಿ ಅದನ್ನೂ ಹಿಂದಿರುಗಿಸಿದೆ.

ಪರದೆಯ ಮೇಲೆ ನೋಡಿ ಕೈಗೆ ಆಗುವ ವಸ್ತುವನ್ನು ಕೊಳ್ಳಲಾಗದು ಎಂದು ಬುದ್ಧಿ ಬಂದದ್ದು ಆಗ. ಬಳೆಯನ್ನು ಕೈಗೆ ಏರಿಸಿ ನೋಡದೆ ಯಾರಾದರೂ ತೊಗೊಳ್ಳುತ್ತಾರೆಯೇ? ಒಂದು ಶನಿವಾರ, ಹಳೆಯ ಪುಣೆಯ ಬುಧವಾರ ಪೇಠೆ ಎಂಬಲ್ಲಿರುವ ಎಲೆಕ್ಟ್ರಾನಿಕ್ಸ್ ಗಲ್ಲಿಗೆ ಹೋದೆ. ಅಂಗಡಿಯಾತ ಬೇಸರವಿಲ್ಲದ ಮನುಷ್ಯ. "ತಾಈ, ಹಾತ ದಾಖವಾ," ಎಂದು ನನ್ನ ಕೈ ತೋರಿಸಲು ಹೇಳಿದ. ಭವಿಷ್ಯ ಹೇಳುವವನೇನೋ ಎನ್ನುವಂತೆ ಅಂಗೈಯನ್ನು ದೂರದಿಂದಲೇ ನೋಡಿ, ಗಾಜಿನ ಕಪಾಟಿನಿಂದ ಎರಡು ಮೂರು ಸಣ್ಣವನ್ನು ತೆಗೆದಿಟ್ಟ. ಒಂದೊಂದನ್ನೂ ಹಿಡಿದೆ. ಕಣ್ಣು ಮುಚ್ಚಿಕೊಂಡು ಹಿಡಿದೆ. ಒಂದರಲ್ಲಿ ಕಿರುಬೆರಳು ಮೇಜಿಗೆ ಉಜ್ಜುತ್ತಿತ್ತು. ಇನ್ನೊಂದರ ಗಾಲಿ ಮೆತ್ತಗಿದ್ದರೂ ಒತ್ತಿದರೆ ಇಡೀ ಮೌಸೇ ಅಲುಗುತ್ತಿತ್ತು, ನನ್ನ ಕೆಲಸಕ್ಕೆ ಅದಾಗದು. ಕೊನೆಯದು, ಬೂದು ಬಣ್ಣದ ಸಣ್ಣದು, ಕೈಯೊಳಗೆ ತಾನಾಗಿ ಬಂದು ಕೂತಿತು. ಹೆಬ್ಬೆರಳಿಗೆ ತಗ್ಗಿತ್ತು, ಕಿರುಬೆರಳಿಗೆ ಅಂಚಿತ್ತು, ಗಾಲಿಯನ್ನು ಬರಿಯ ಬೆರಳಿನ ತುದಿಯಿಂದ ಒತ್ತಬಹುದಿತ್ತು. ಭುಜ ಇಳಿದದ್ದು ನನಗೇ ಗೊತ್ತಾಯಿತು. ಅದುವರೆಗೆ ನಾನು ಭುಜವನ್ನು ಎತ್ತಿಕೊಂಡೇ ಬದುಕುತ್ತಿದ್ದೆ ಎಂಬುದೂ ಆಗಲೇ ಗೊತ್ತಾದದ್ದು.

ಮೊದಲ ವಾರ ಕಷ್ಟವಾಯಿತು. ಬಾಣದ ಗುರುತು ಹೇಳಿದ ಮಾತು ಕೇಳುತ್ತಿರಲಿಲ್ಲ. ಎಡಕ್ಕೆ ಎಂದರೆ ಮೇಲಕ್ಕೆ ಓರೆಯಾಗಿ ಹೋಗುತ್ತಿತ್ತು. ಹಟ ಬಿಡಲಿಲ್ಲ. ಕುರ್ಚಿ ಎತ್ತರ ಮಾಡಿಸಿದೆ, ಮೊಣಕೈಗೆ ಆಸರೆ ಬಂತು, ಮೇಜಿನ ಅಂಚಿಗೆ ಮಣಿಕಟ್ಟು ತಾಗದಂತಾಯಿತು. ಕೈ ಒಂದೇ ಸಲಕ್ಕೆ ನೆಟ್ಟಗಾಗಲಿಲ್ಲ. ಮುಂದಿನ ವರ್ಷದ ಮಳೆಗಾಲ ಬಂದು ಹೋಗುವಷ್ಟರಲ್ಲಿ ನೋವು ಅಪರೂಪವಾಯಿತು, ಆಮೇಲೆ ಒಂದು ದಿನ ಇಲ್ಲವಾಯಿತು. ಅದು ಯಾವ ದಿನ ಎಂದು ನೆನಪಿಲ್ಲ. ನೋವು ಬಂದ ದಿನ ನೆನಪಿರುತ್ತದೆ, ಹೋದ ದಿನ ಯಾರಿಗೂ ನೆನಪಿರುವುದಿಲ್ಲ.

ಒಂದು ರವಿವಾರ ಗಂಡ ಏಳುವ ಮೊದಲೇ ಎಸರಿಟ್ಟು ಹಿಟ್ಟು ನಾದಿದೆ. ಬಡಿದೆ. ಅಂಚು ಒಂದೆರಡು ಕಡೆ ಸೀಳಿತು, ಆದರೆ ಕೈ ನೋಯಲಿಲ್ಲ. ಹಂಚಿನ ಮೇಲೆ ಅದು ಉಬ್ಬಿದಾಗ ಕೂಗಬೇಕೆನಿಸಿತು. ಹಿಟ್ಟಿನ ಕೈಯಲ್ಲೇ ಧಾರವಾಡಕ್ಕೆ ಫೋನು ಮಾಡಿದೆ.

"ಅತ್ತೀ, ಕೈ ಆರಾಮ ಆತ್ರಿ! ರೊಟ್ಟಿ ಬಡದೆ ಇವತ್ತ. ತಪ್ಪು ರೊಟ್ಟೀದಲ್ರೀ, ಆಫೀಸಿನ ಮೌಸಿಂದು. ಅದನ್ನ ಬದಲಿ ಮಾಡಿದ ಮ್ಯಾಲೆ ನೋವು ಹೋತು."

ಮೌಸು ಎಂದರೆ ಏನೆಂದು ಅವರಿಗೆ ಗೊತ್ತಿತ್ತು, ಮಗನ ಮೇಜಿನ ಮೇಲೆ ನೋಡಿದ್ದರು.

"ಅದೇನ? ಬೆರಳಿನಾಗ ಒತ್ತೂದು?" ಎಂದರು. "ಅಷ್ಟಕ್ಕ ಕೈ ಕೆಡ್ತದಂದ್ರ ಜಪಮಣಿ ಎಣಿಸೋರ ಕೈ ಎಲ್ಲಾ ಬಿದ್ದು ಹೋಗಬೇಕಿತ್ತು."

"ಖರೇನ ಹೇಳಾಕತ್ತೀನ್ರೀ."

"ನೀ ನನ್ನ ಸಮಾಧಾನಕ್ಕ ಹೇಳಾಕತ್ತಿ ಯವ್ವಾ. ನಿನ್ನ ಒಳ್ಳೇತನ ನನಗ ಗೊತ್ತದ. ರೊಟ್ಟಿ ಬಿಟ್ಟಿ, ಅದಕ್ಕ ಆರಾಮ ಆತು. ಮತ್ತ ಸುರು ಮಾಡಬ್ಯಾಡ."

ನಾನು ವಾದ ಮಾಡಿದೆ. ರೊಟ್ಟಿ ಬಿಟ್ಟ ಮೇಲೂ ನೋವಿತ್ತಲ್ಲ ಎಂದೆ. ಇಷ್ಟು ವರ್ಷದ ಸವೆತ ಹೋಗಲು ಅಷ್ಟು ತಿಂಗಳು ಬೇಡವೇ ಎಂದರು. ಫಿಸಿಯೋ ಹುಡುಗಿ ಹೇಳಿದ್ದನ್ನು ಹೇಳಿದೆ. ಅವಳೇನು ರೊಟ್ಟಿ ಬಡಿದವಳೇ ಎಂದರು. ಅವರ ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ನಾನು ಎಷ್ಟು ಹೇಳಿದರೆ ಅಷ್ಟು ನಾನು ಒಳ್ಳೆಯ ಸೊಸೆಯಾಗುತ್ತಿದ್ದೆ, ಅವರು ಅಷ್ಟೇ ದೊಡ್ಡ ತಪ್ಪಿತಸ್ಥರಾಗುತ್ತಿದ್ದರು. ಅಷ್ಟರಲ್ಲಿ ಎದ್ದು ಬಂದಿದ್ದ ನನ್ನ ಗಂಡ ಫೋನು ಇಸಿದುಕೊಂಡು ಹೇಳಿದರು. "ನಿನಗ ಹೇಂತಿ ಕಲಿಸ್ಯಾಳ," ಎಂದು ನಕ್ಕರಂತೆ. ಫೋನು ಇಟ್ಟ ಮೇಲೆ ಆ ರೊಟ್ಟಿಯನ್ನು ಗಂಡನ ತಾಟಿಗೆ ಹಾಕಿದೆ.

ದೀಪಾವಳಿ ಮುಗಿದ ಮೇಲೆ ಅತ್ತೆಯವರು ಬರುವುದಾಗಿ ಸುದ್ದಿ ಬಂತು. ನಾನು ಸಣ್ಣ ಹುಡುಗಿಯಂತೆ ಸಂಭ್ರಮಪಟ್ಟೆ. ಫೋನಿನಲ್ಲಿ ನಂಬದಿದ್ದರೇನು, ಕಣ್ಣೆದುರಿಗೆ ಬಡಿದು ತೋರಿಸಿದರೆ ನಂಬಲೇಬೇಕು. ನೋಡಿ ನಂಬಿದರೆ ಉಳಿಯಲೇಬೇಕು. ಬಿಳಿಜೋಳ ಬೀಸಿಸಿಕೊಂಡು ಬಂದೆ. ಬಾಲ್ಕನಿಯಿಂದ ಸ್ಟೂಲು ತಂದು ತೊಳೆದೆ. ಕಚೇರಿಯಿಂದ ಆ ಬೂದು ಮೌಸನ್ನೂ ಮನೆಗೆ ತಂದುಕೊಂಡೆ, ಸಾಕ್ಷಿಯನ್ನು ಕೋರ್ಟಿಗೆ ತಂದ ಹಾಗೆ.

ಸ್ವಾರಗೇಟಿನ ಬಸ್‌ ನಿಲ್ದಾಣದಿಂದ ಗಂಡ ಅವರನ್ನು ರಿಕ್ಷಾದಲ್ಲಿ ಕರೆತಂದರು. ಸೊರಗಿದ್ದರು. ನಡಿಗೆ ಇನ್ನಷ್ಟು ನಿಧಾನವಾಗಿತ್ತು. ಕೈಕಾಲು ತೊಳೆದು ಬಂದವರೇ ನನ್ನ ಬಲಗೈ ಹಿಡಿದು ಮಣಿಕಟ್ಟನ್ನು ಒತ್ತಿ ನೋಡಿದರು. ನೋವಿಲ್ಲ ಎಂದು ನನ್ನ ಮುಖ ನೋಡಿಯೇ ಖಾತ್ರಿ ಮಾಡಿಕೊಂಡರು. ನಾನು ಮೌಸನ್ನು ಅವರ ಕೈಗೆ ಕೊಟ್ಟೆ. ಹಿಡಿದು ನೋಡಿದರು, ಅವರ ಸಣ್ಣ ಕೈಗೂ ಅದು ಸರಿಯಾಗಿ ಕೂತಿತು.

"ಭಾಳ ಚೊಲೋ ಅದ," ಎಂದರು. "ಇದರ ಗುಣ ದೊಡ್ಡದು. ನಾ ಕೆಡಿಸಿದ್ದು ಇದು ನೆಟ್ಟಗ ಮಾಡ್ತು."

ಹೊಸ ಮೌಸು ಔಷಧ ಎಂದು ಅವರು ನಂಬಿದರು. ಹಳೆಯದು ರೋಗ ಎಂದು ನಂಬಲೇ ಇಲ್ಲ. ಹಳೆಯದನ್ನು ತೋರಿಸೋಣವೆಂದರೆ ಅದು ಯಾವಾಗಲೋ ಕಚೇರಿಯ ಗುಜರಿಯವನ ಚೀಲ ಸೇರಿತ್ತು.

"ಬರ್ರಿ, ಸ್ಟೂಲಿನ ಮ್ಯಾಲೆ ಕೂಡ್ರಿ. ಕಣ್ಣಾರೆ ನೋಡ್ರಿ," ಎಂದು ಎಸರಿಟ್ಟೆ. ನೀರು ಮರಳುತ್ತಿತ್ತು. ಹಿಟ್ಟಿನ ಡಬ್ಬಿಗೆ ಕೈ ಹಾಕಿದ್ದೆ. ಅತ್ತೆಯವರು ಬಂದು ಗ್ಯಾಸು ಆರಿಸಿದರು.

"ಬ್ಯಾಡ ಯವ್ವಾ. ನಾ ತಂದೀನಿ."

ತಮ್ಮ ಚೀಲವನ್ನು ಅಡುಗೆಮನೆಗೆ ಎಳೆದುಕೊಂಡು ಬಂದರು. ಮೇಲಿನ ಎರಡು ಸೀರೆಗಳನ್ನು ತೆಗೆದಿಟ್ಟರು. ಕೆಳಗೆ ಮಾವನವರ ಹಳೆಯ ಧೋತರದಲ್ಲಿ ಸುತ್ತಿದ ಒಂದು ದೊಡ್ಡ ಗಂಟು. ಬಿಚ್ಚಿದರೆ ಕಡಕ್ ರೊಟ್ಟಿ. ತೆಳ್ಳಗೆ ಬಡಿದು, ಹಂಚಿನ ಮೇಲೆ ಒತ್ತಿ ಒತ್ತಿ ಒಣಗಿಸಿ, ದಿನಗಟ್ಟಲೆ ಕೆಡದಂತೆ ಮಾಡಿದ ರೊಟ್ಟಿ. ಬಸ್ಸಿನ ಅಲುಗಾಟದಲ್ಲೂ ಹೆಚ್ಚು ಮುರಿದಿರಲಿಲ್ಲ.

"ರೊಟ್ಟಿ ಮಾಡಾಕಿ ಮಾಡಿದಳೇನ್ರಿ?" ಎಂದೆ. ಕೇಳುವ ಮೊದಲೇ ನನಗೆ ಉತ್ತರ ಗೊತ್ತಿತ್ತು. ಅಂಥ ಅಂಚು ಬಡಿಯುವವರು ಒಬ್ಬರೇ.

"ಅಕೀಗೆ ಇಷ್ಟು ತೆಳ್ಳಗ ಬರಂಗಿಲ್ಲ. ನಾನ ಮಾಡೇನಿ, ದಿನಾ ಒಂದೀಟ, ಕುಂತ ಕುಂತ. ಸುಮ್ನ ಕುಂತು ಏನ ಮಾಡ್ಲಿ?" ಎಂದರು. "ನಿನ್ನ ಮನ್ಯಾಗ ಇದ್ದಷ್ಟ ದಿನಕ್ಕ ಸಾಕಾಗ್ತಾವ. ನೀ ಹಿಟ್ಟಿಗೆ ಕೈ ಹಚ್ಚಬ್ಯಾಡ."

ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅಳು ಬಂತು, ಆದರೆ ಈ ಸಲ ನನ್ನ ಕಣ್ಣಿಗೆ ಹಿಟ್ಟಿನ ಮರೆಯೂ ಇರಲಿಲ್ಲ, ಅವರ ಕಣ್ಣಿಗೆ ಹಂಚಿನ ಮರೆಯೂ ಇರಲಿಲ್ಲ. ತಮ್ಮ ಮಗನ ಮನೆಗೆ, ತಾವು ನನಗೆ ರೊಟ್ಟಿ ಕಲಿಸಿದ ಅಡುಗೆಮನೆಗೆ, ಅವರು ತಮ್ಮ ಊಟವನ್ನು ತಾವೇ ಕಟ್ಟಿಕೊಂಡು ಬಂದಿದ್ದರು. ನನ್ನ ಕೈ ಉಳಿಯಲೆಂದು ತಮ್ಮ ಕೈಯನ್ನು ಬಡಿದುಕೊಂಡು ಬಂದಿದ್ದರು. ಇಷ್ಟು ಪ್ರೀತಿ ನನ್ನ ಮೇಲೆ ಇದ್ದದ್ದಕ್ಕೆ ಸಂತೋಷಪಡಬೇಕಿತ್ತು. ನನಗೆ ಆದದ್ದು ದುಃಖವೊಂದೇ. ಆ ಪ್ರೀತಿ ಒಂದು ಸುಳ್ಳು ಅಪವಾದದ ಮೇಲೆ ನಿಂತಿತ್ತು, ಅದನ್ನು ಅಲುಗಿಸುವ ಶಕ್ತಿ ನನಗಿರಲಿಲ್ಲ.

ನನ್ನ ಕಣ್ಣು ಮಾತ್ರ ಆ ಗಂಟಿನ ಮೇಲೆ ಹೋಗುತ್ತಿತ್ತು. ಎಷ್ಟು ದಿನಕ್ಕೆ ಬಂದಿದ್ದಾರೆಂದು ನಾನು ಬಾಯಿಬಿಟ್ಟು ಕೇಳಲಿಲ್ಲ, ಗಂಟಿನ ಎತ್ತರ ನೋಡಿದರೆ ತಿಳಿಯುತ್ತಿತ್ತು. ಆ ಗಂಟು ಬೇಗ ಕರಗದಿರಲೆಂದು ಮರುದಿನದಿಂದ ನಾನು ಅನ್ನ ಹೆಚ್ಚು ಮಾಡತೊಡಗಿದೆ. ಗಂಡನ ತಾಟಿಗೆ ಚಪಾತಿ ಹಾಕಿ, ಡಾಕ್ಟರು ಹೇಳಿದ್ದಾರೆ ಎಂದೆ. ನಾನು ರೊಟ್ಟಿಯ ಒಂದು ಚೂರು ಮುರಿದುಕೊಂಡು ಅದನ್ನೇ ಮಜ್ಜಿಗೆಯಲ್ಲಿ ನೆನೆಸಿ ಊಟ ಮುಗಿಯುವವರೆಗೆ ತಿನ್ನುತ್ತಿದ್ದೆ. ಅತ್ತೆಯವರಿಗೆ ಇದು ಕಾಣದೆ ಇರಲಿಲ್ಲ. ಒಂದು ಮಧ್ಯಾಹ್ನ ಅವರೇ ಗಂಟಿನಿಂದ ಇಡೀ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದರು. "ತಿನ್ನು ಯವ್ವಾ," ಎಂದರು. "ನಿನಗಂತನ ಬಡದೇನಿ." ಶೇಂಗಾ ಚಟ್ನಿ, ಎಣ್ಣೆ ಹಚ್ಚಿಕೊಂಡು ತಿಂದೆ. ಅದು ರುಚಿಯಾಗಿತ್ತು ಎಂಬುದೇ ನನಗೆ ಇಂದಿಗೂ ಚುಚ್ಚುತ್ತದೆ.

ರೊಟ್ಟಿ ಮುಗಿದ ದಿನ ಅತ್ತೆಯವರು ಧೋತರವನ್ನು ಝಾಡಿಸಿ, ಮಡಚಿ ಚೀಲಕ್ಕೆ ಹಾಕಿದರು, ಮತ್ತು ಮಗನಿಗೆ ಸ್ವಾರಗೇಟಿಗೆ ರಿಕ್ಷಾ ಕರೆಯಲು ಹೇಳಿದರು.